ಮುದಿ ಮನೆಗೆ ಹೊಸ ನೌಕರಿ

ಮೈಸೂರಿನ ಕಟ್ಟಡಗಳಿಗೆ ನಿವೃತ್ತಿಯ ವಯಸ್ಸು ಎಂಬುದಿಲ್ಲ. 1861ರಲ್ಲಿ ಎದ್ದ ಜಗನ್ಮೋಹನ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ವೈಸರಾಯರು ಬಂದರೆ ಇಳಿದುಕೊಳ್ಳಲೆಂದು ಕಟ್ಟಿಸಿದ ಲಲಿತಮಹಲ್ ಹೋಟೆಲಾಯಿತು. ಒಬ್ಬ ರಾಜಕುಮಾರಿಗೆ ಕಟ್ಟಿದ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ಇನ್ನೊಬ್ಬ ರಾಜಕುಮಾರಿಯ ಚೆಲುವಾಂಬ ಮಹಲಿನಲ್ಲಿ 1950ರಿಂದ ವಿಜ್ಞಾನಿಗಳು ಆಹಾರ ಸಂಶೋಧನೆ ನಡೆಸುತ್ತಿದ್ದಾರೆ. ರಾಜಕುಮಾರಿಯರ ಮನೆಗಳೇ ತಕರಾರಿಲ್ಲದೆ ಸರ್ಕಾರಿ ಕೆಲಸಕ್ಕೆ ಸೇರಿರುವಾಗ, ಅಗ್ರಹಾರದ ನಮ್ಮ ತಾತನ ಮನೆಗೆ ಒಂದು ಸಣ್ಣ ನೌಕರಿ ಕೊಡಿಸುವುದು ಏನು ಮಹಾ ಎಂದುಕೊಂಡೆ.

ಬೀದಿಗೆ ಮುಖಮಾಡಿದ ಪಡಸಾಲೆಯನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ವಾಚನಾಲಯ ಮಾಡುವುದೆಂದು ಯೋಜನೆ. ಕೆಡವಿ ಫ್ಲ್ಯಾಟ್ ಕಟ್ಟೋಣವೆಂದು ದಾಯಾದಿಗಳು ಹೇಳಿದ್ದರು. ಎಪ್ಪತ್ತೆಂಟು ವರ್ಷದ ಚಿಕ್ಕಪ್ಪ, "ನಾನು ಹುಟ್ಟಿದ ಕೋಣೆಯಲ್ಲಿ ಲಿಫ್ಟ್ ಇಳಿಸುತ್ತೀರೇನೋ?" ಎಂದು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಮೊದಲು ಸಿಕ್ಕ ಗುತ್ತಿಗೆದಾರ ಹದಿನೈದೇ ದಿನದಲ್ಲಿ ಹಳೆಯ ಗಾರೆ ಕೆರೆದು, ಸಿಮೆಂಟು ಬಳಿದು, ದುಡ್ಡು ಎಣಿಸಿಕೊಂಡು ಹೋದ. ಆಷಾಢದ ಜಡಿಮಳೆ ಹಿಡಿಯಿತು. ಗೋಡೆ ಅಲ್ಲಲ್ಲಿ ಪೂರಿಯ ಹಾಗೆ ಉಬ್ಬಿತು. ಒಂದು ರಾತ್ರಿ ಎರಡು ಗಂಟೆಗೆ ಪಡಸಾಲೆಯಲ್ಲಿ ಧೊಪ್ಪೆಂದು ಸದ್ದಾಯಿತು. ಕಳ್ಳನೆಂದು ನಾನು ಒನಕೆ ಹಿಡಿದು ಹೋದೆ; ನನ್ನಾಕೆ ನನ್ನನ್ನು ಹಿಡಿದು ಬಂದಳು. ದೀಪ ಹಾಕಿದರೆ, ಹಾಸಿಗೆಯಷ್ಟಗಲದ ಸಿಮೆಂಟಿನ ಹಪ್ಪಳ ನೆಲದ ಮೇಲೆ ಬಿದ್ದಿತ್ತು.

ಆಮೇಲೆ ಶ್ರೀರಂಗಪಟ್ಟಣದ ಕಡೆಯ ಒಬ್ಬ ವೃದ್ಧ ಗಾರೆ ಮೇಸ್ತ್ರಿಯನ್ನು ಹುಡುಕಿ ತಂದೆ. ಅವರು ಗೋಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ರೋಗಿಯ ಕಡೆಯವರನ್ನು ವೈದ್ಯರು ನೋಡುವಂತೆ ನನ್ನನ್ನು ನೋಡಿದರು. "ಸುಣ್ಣದ ಗೋಡೆ ಉಸಿರಾಡುತ್ತದೆ ಸ್ವಾಮಿ. ನೀರು ಹೀರುತ್ತದೆ, ಬಿಡುತ್ತದೆ. ನೀವು ಅದಕ್ಕೆ ರೇನ್‌ಕೋಟು ತೊಡಿಸಿ ಗುಂಡಿ ಬಿಗಿದಿದ್ದೀರಿ," ಎಂದರು. ಹಸಿ ಆರಿ, ಸುಣ್ಣ ಹದವಾಗುವ ಹೊತ್ತಿಗೆ ಬೇಸಿಗೆ ಬಂದಿತ್ತು. ಮೇಸ್ತ್ರಿ ಚೀಟಿ ಕೊಟ್ಟರು: ಮರಳು, ಇಟ್ಟಿಗೆ ಪುಡಿ, ಬೆಲ್ಲ ಹತ್ತು ಕಿಲೋ, ಅಳಲೆಕಾಯಿ ಐದು ಕಿಲೋ.

ಸಂತೆಪೇಟೆಯ ಗ್ರಂಥಿಗೆ ಅಂಗಡಿಯಾತ ಚೀಟಿ ಓದಿ ಕನ್ನಡಕ ಕೆಳಗಿಳಿಸಿದ. ಅಳಲೆಕಾಯಿಯನ್ನು ಜನ ಹೊಟ್ಟೆ ಕಟ್ಟಿದಾಗ ನಾಲ್ಕೈದು ಒಯ್ಯುತ್ತಾರೆ.

"ಐದು ಕಿಲೋ? ಮನೆಯಲ್ಲಿ ಎಷ್ಟು ಜನಕ್ಕೆ?"

"ಜನಕ್ಕಲ್ಲ, ಗೋಡೆಗೆ."

ಆತ ಮತ್ತೇನೂ ಕೇಳಲಿಲ್ಲ. ಬೇಗ ಬೇಗ ತೂಗಿ ಕೊಟ್ಟ.

ಹಿತ್ತಲಿನ ಡ್ರಮ್ಮಿನಲ್ಲಿ ಬೆಲ್ಲವೂ ಜಜ್ಜಿದ ಅಳಲೆಕಾಯಿಯೂ ನೆನೆಯತೊಡಗಿದವು. ಆ ನೀರು ಬೆರೆತರೆ ಗಾರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದಂತೆ. ನಾನು ಸುಮ್ಮನಿರಬೇಕಿತ್ತು. ಪುಸ್ತಕದ ಹಲಗೆಗೆ ತೂತು ಕೊರೆಯೋಣವೆಂದು ಡ್ರಿಲ್ ತಂದೆ. ಒಂದೂವರೆ ಅಡಿ ದಪ್ಪದ ಗೋಡೆ, ಎಷ್ಟು ಒತ್ತಿದರೂ ಚಿಂತೆಯಿಲ್ಲವೆಂದು ಒತ್ತಿದೆ. ಅಗ್ರಹಾರದ ಮನೆಗಳಿಗೆ ನಡುವೆ ಒಂದೇ ಗೋಡೆ. ಅದರ ಆಚೆ ಮಗ್ಗುಲಿನಲ್ಲಿ ಸರಿಯಾಗಿ ಅಲ್ಲಿಯೇ ಗೂಡು ಕೊರೆದಿದ್ದಾರೆಂದು ಯಾರಿಗೆ ಗೊತ್ತು? ಪಕ್ಕದ ಮನೆಯವರು ಮಂಗಳಾರತಿ ಎತ್ತುತ್ತಿದ್ದಾಗ ದೇವರ ಗೂಡಿನ ಹಿಂಬದಿಯಿಂದ ಡ್ರಿಲ್ಲಿನ ಮೂತಿ ತಿರುಗುತ್ತಾ ಹೊರಬಂತು. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

ಅದಾಗಿ ಐದನೆಯ ದಿನಕ್ಕೆ ರಾಮನವಮಿ. ಬಿಸಿಲಿನಲ್ಲಿ ದೇವಸ್ಥಾನದಿಂದ ನಡೆದುಬಂದ ಚಿಕ್ಕಪ್ಪ ಕಾಲು ತೊಳೆಯಲು ಹಿತ್ತಲಿಗೆ ಹೋದರು. ಅಲ್ಲಿ ಡ್ರಮ್ಮು, ಮೇಲೆ ಬಿಳಿ ಪಂಚೆಯ ತುಂಡು, ಪಕ್ಕದಲ್ಲಿ ಚೊಂಬು. ಒಳಗೆ ಬೆಲ್ಲದ ಬಣ್ಣದ, ಬೆಲ್ಲದ ವಾಸನೆಯ ನೀರು. ರಾಮನವಮಿಯ ದಿನ ಇದು ಪಾನಕವಲ್ಲದೆ ಮತ್ತೇನು ಎಂದು ಯಾರಾದರೂ ತಿಳಿಯಬಹುದು. ಸಾಲುಗಟ್ಟಿದ ಇರುವೆಗಳೂ ಹಾಗೆಯೇ ತಿಳಿದಿದ್ದವು.

ಅವರು ಬಾಯಿ ಒರೆಸಿಕೊಳ್ಳುತ್ತಾ ನಡುಮನೆಗೆ ಬಂದು, "ಪಾನಕ ಯಾಕೋ ಒಗರು ಒಗರಾಗಿದೆಯಲ್ಲೋ. ನಿಂಬೆಹಣ್ಣನ್ನು ಬೀಜದ ಸಮೇತ ಹಿಂಡಿದ್ದಾಳೇನು? ಏಲಕ್ಕಿಯೂ ಸಾಲದು," ಎಂದರು.

ನನ್ನಾಕೆಯ ಪಾನಕದ ಪಾತ್ರೆ ಅಡುಗೆಮನೆಯಲ್ಲಿ ಮುಚ್ಚಿದ ಹಾಗೆಯೇ ಇತ್ತು. ಕೋಸಂಬರಿ ತಿನ್ನುತ್ತಿದ್ದ ಮೇಸ್ತ್ರಿಯ ಕೈ ಬಾಯಿಯ ಹತ್ತಿರ ನಿಂತಿತು.

"ಎಷ್ಟು ಕುಡಿದಿರಿ, ಸ್ವಾಮಿ?"

"ಎರಡು ಚೊಂಬು."

ಮೇಸ್ತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಕಿಟಕಿಯ ಪಕ್ಕದ ಗೋಡೆ ಪೂರ್ತಿ ಆಗುತ್ತಿತ್ತು," ಎಂದರು.

ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಚಿಕ್ಕಪ್ಪ ಜಗುಲಿಯಲ್ಲಿ ಕುಳಿತು ದೇವಸ್ಥಾನದ ಆಡಳಿತವನ್ನು ಬೈಯುತ್ತಿದ್ದವರು, ವಾಕ್ಯದ ನಡುವೆ ಮೌನವಾದರು. ಎದ್ದರು. ಹಿತ್ತಲ ಕಡೆ ಓಡಿದರು. ಪಾಯಖಾನೆಯ ಹಳೆಯ ನೆಲ ಅಗೆದು, ಬೇಸಿನ್ನು ಕಿತ್ತು ಮೂರು ದಿನವಾಗಿತ್ತೆಂದು ಅವರಿಗೆ ಹೇಳಿದವರಿಲ್ಲ.

ಉಳಿದದ್ದು ಪಕ್ಕದ ಮನೆ ಒಂದೇ. ಚಿಕ್ಕಪ್ಪ ಬಾಗಿಲು ತಟ್ಟಿದರು. ನಾನು ಹಿಂದೆ ಬಕೆಟ್ ಹಿಡಿದು ನಿಂತಿದ್ದೆ. ಬಾಗಿಲು ತೆರೆದ ಮನೆಯೊಡೆಯರು ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದರು. ಚಿಕ್ಕಪ್ಪನ ಮುಖ ಕಂಡು ದಾರಿ ಬಿಟ್ಟರು. ಸಂಜೆಯವರೆಗೆ ಅವರು ಅಲ್ಲಿಗೆ ಹನ್ನೊಂದು ಬಾರಿ ಹೋಗಿ ಬಂದರು. ನಾಲ್ಕನೆಯ ಬಾರಿಗೆ ಆ ಮನೆಯಾಕೆ ಮಜ್ಜಿಗೆ ಕೊಟ್ಟರು. ಎಂಟನೆಯ ಬಾರಿಗೆ, ಗೂಡಿನ ತೂತನ್ನು ನಮ್ಮ ಮೇಸ್ತ್ರಿಯೇ ಮುಚ್ಚಿಕೊಡಲೆಂದು ರಾಜಿಯಾಯಿತು.

ವಾಚನಾಲಯ ಈಗ ನಡೆಯುತ್ತಿದೆ. ಎರಡು ಮಳೆಗಾಲ ಕಳೆದರೂ ಗೋಡೆ ಉಬ್ಬಿಲ್ಲ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ, ದಪ್ಪ ಗೋಡೆ, ಕೆಂಪು ಗಾರೆ ನೆಲ ಸೇರಿ ಮಧ್ಯಾಹ್ನ ಎಷ್ಟು ತಂಪಾಗಿರುತ್ತದೆಂದರೆ, ಓದಲು ಬಂದ ಹುಡುಗರಲ್ಲಿ ಅರ್ಧ ಜನ ಪುಸ್ತಕವನ್ನು ತಲೆಗೆ ಕೊಟ್ಟು ಮಲಗಿರುತ್ತಾರೆ.

ಮನೆಯ ರಿಪೇರಿಯ ಬಗ್ಗೆ ಒಮ್ಮೆಯೂ ವಿಚಾರಿಸದಿದ್ದ ಚಿಕ್ಕಪ್ಪ ಈಗ ತಿಂಗಳಿಗೊಮ್ಮೆ ಬರುತ್ತಾರೆ. ಇಪ್ಪತ್ತು ವರ್ಷದಿಂದ ಯಾವ ಮಾತ್ರೆಗೂ ಬಗ್ಗದಿದ್ದ ಅವರ ಹೊಟ್ಟೆ ಅಂದು ಸರಿಹೋಯಿತಂತೆ. "ಅಟ್ಟದ ಗೋಡೆ ಇನ್ನೂ ಹಾಗೆಯೇ ಇದೆಯಲ್ಲೋ, ಆ ಮೇಸ್ತ್ರಿಯನ್ನು ಯಾವಾಗ ಕರೆಸುತ್ತೀಯೆ?" ಎಂದು ಕೇಳುತ್ತಾ ಹಿತ್ತಲ ಕಡೆ ಇಣುಕುತ್ತಾರೆ. ಹೋದ ಸಲ ಕೈಚೀಲದಲ್ಲಿ ಚೊಂಬನ್ನೂ ತಂದಿದ್ದರು.