ಕಲ್ಲಿಗೆ ಕಾನೂನಿನ ಕಾವಲಿದೆ, ಬಾಡಿಗೆಗಿರುವವರಿಗೆ?

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ಹಳೇ ಬ್ರೌನ್‌ಸ್ಟೋನ್ ಮನೆಗಳನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ರಸ್ತೆಯಿಂದ ಎತ್ತರಕ್ಕೆ ಏರುವ ಮೆಟ್ಟಿಲು, ಉದ್ದನೆಯ ಕಿಟಕಿಗಳು, ಕಂದು ಕಲ್ಲಿನ ಮುಖ. ಆ ಕಲ್ಲು ಬರೀ ಹೊದಿಕೆ, ಗೋಡೆ ಇಟ್ಟಿಗೆಯದ್ದು. 19ನೇ ಶತಮಾನದಲ್ಲಿ ಕಟ್ಟಿದಾಗ ಇವುಗಳಲ್ಲಿ ಬಹಳಷ್ಟು ಒಂದೊಂದೇ ಕುಟುಂಬದ ಮನೆಗಳು. ರಸ್ತೆಗಿಂತ ಸ್ವಲ್ಪ ತಗ್ಗಿನಲ್ಲಿರುವ ಕೆಳಮಹಡಿಯಲ್ಲಿ ಅಡುಗೆ, ಊಟ. ಅದರ ಮೇಲೆ ಬಂದವರನ್ನು ಕೂರಿಸುವ ಪಾರ್ಲರ್. ಈಗ ಆ ಎರಡು ಮಹಡಿಯನ್ನೂ ಹಿತ್ತಲನ್ನೂ ಸೇರಿಸಿ ಗಾರ್ಡನ್ ಡ್ಯುಪ್ಲೆಕ್ಸ್ ಅಂತ ಬಾಡಿಗೆಗೆ ಕೊಡುತ್ತಾರೆ. ಊರಿನ ಮಧ್ಯೆ ಕಾಲಿಗೆ ಮಣ್ಣು ಸಿಗುವ ಮನೆ, ಯಾರಿಗೆ ಬೇಡ?

ಈ ಮನೆಗಳು ಉಳಿದಿರುವುದು ಸುಮ್ನೆ ಅಲ್ಲ. ನ್ಯೂಯಾರ್ಕ್‌ನಲ್ಲಿ 1963ರಲ್ಲಿ ಹಳೇ ಪೆನ್ ಸ್ಟೇಷನ್ ಅನ್ನುವ ರೈಲು ನಿಲ್ದಾಣ ಕೆಡವಲು ಶುರು ಮಾಡಿದಾಗ ಜನ ಸಿಟ್ಟಾದರು. 1965ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ಲ್ಯಾಂಡ್‌ಮಾರ್ಕ್ಸ್ ಕಾನೂನು ಬಂತು. ಅದೇ ವರ್ಷ ಬ್ರೂಕ್ಲಿನ್ ಹೈಟ್ಸ್ ಊರಿನ ಮೊದಲ ಐತಿಹಾಸಿಕ ಬಡಾವಣೆಯಾಯಿತು. ಅಂಥ ಬಡಾವಣೆಯಲ್ಲಿ ಮನೆಯ ಮುಂದಿನ ಬಾಗಿಲು, ಕಿಟಕಿ ಬದಲಾಯಿಸಲು ಓನರ್ ಲ್ಯಾಂಡ್‌ಮಾರ್ಕ್ಸ್ ಕಮಿಷನ್‌ನ ಒಪ್ಪಿಗೆ ಪಡೆಯಬೇಕು. ಇದು ತುಂಬಾ ಒಳ್ಳೆಯ ಕಾನೂನು ಅಂತಲೇ ನನ್ನ ಅಭಿಪ್ರಾಯ.

ಆದರೆ ಅದೇ ಬಾಗಿಲ ಹಿಂದೆ ಬಾಡಿಗೆಗೆ ಇರುವ ಕುಟುಂಬಕ್ಕೆ ಏನಿದೆ? ಬಾಡಿಗೆ ಏರಿಕೆಗೆ ಮಿತಿ ಹಾಕುವ ರೆಂಟ್ ಸ್ಟೆಬಿಲೈಸೇಷನ್ ಮುಖ್ಯವಾಗಿ 1974ಕ್ಕೆ ಮೊದಲು ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಿಗೆ. ಬ್ರೌನ್‌ಸ್ಟೋನ್ ಒಳಗೆ ಸಾಮಾನ್ಯವಾಗಿ ಎರಡು, ಮೂರು, ನಾಲ್ಕು ಮನೆ. ಸರಿಯಾದ ಕಾರಣವಿಲ್ಲದೆ ಖಾಲಿ ಮಾಡಿಸಬಾರದು ಅನ್ನುವ, 2024ರಲ್ಲಿ ಬಂದ 'ಗುಡ್ ಕಾಸ್' ಕಾನೂನೂ ಹತ್ತು ಅಥವಾ ಕಡಿಮೆ ಮನೆಗಳಿರುವ ಓನರ್‌ಗಳನ್ನು ಬಿಟ್ಟುಬಿಟ್ಟಿತು. ಅಂದರೆ ಲೀಸ್ ಮುಗಿದಾಗ ಇಂಥ ಓನರ್ ಎಷ್ಟು ಬೇಕಾದರೂ ಏರಿಸಬಹುದು, ಕಾರಣ ಹೇಳದೆ ಖಾಲಿ ಮಾಡಿ ಅನ್ನಬಹುದು. ಮುಂಚಿತವಾಗಿ ನೋಟಿಸ್ ಕೊಟ್ಟರೆ ಸಾಕು. ಎರಡು ವರ್ಷಕ್ಕಿಂತ ಜಾಸ್ತಿ ಇದ್ದವರಿಗೂ ಸಿಗುವುದು 90 ದಿನ. ಅಷ್ಟರಲ್ಲಿ ಮಕ್ಕಳ ಶಾಲೆಯ ಹತ್ತಿರವೇ ಇನ್ನೊಂದು ಮನೆ ಹುಡುಕಬೇಕು.

ಓನರ್ ಅದೇ ಮನೆಯ ಮೇಲ್ಮಹಡಿಯಲ್ಲಿದ್ದು ಸಾಲ ಕಟ್ಟುತ್ತಿದ್ದರೆ ಆ ವಿನಾಯಿತಿ ನನಗೆ ಅರ್ಥವಾಗುತ್ತದೆ. ಆದರೆ ತಾವು ಇರದ ಮನೆಯನ್ನು ಬರೀ ಬಾಡಿಗೆಗಾಗಿ ಇಟ್ಟವರಿಗೂ ಅದೇ ವಿನಾಯಿತಿ ಯಾಕೆ? ಕಿಟಕಿಯ ಚೌಕಟ್ಟನ್ನು ಅಷ್ಟು ಜೋಪಾನ ಮಾಡುವ ಊರು ಒಳಗಿರುವ ಜನರನ್ನೂ ಸ್ವಲ್ಪ ಜೋಪಾನ ಮಾಡಬೇಕು, ಅಲ್ವಾ?

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆ ಬಂದಾಗ ಸೆಂಟ್ರಲ್ ಪಾರ್ಕ್‌ನಲ್ಲಿ ಒಂದೇ ಗಂಟೆಯಲ್ಲಿ 3.15 ಇಂಚು ಸುರಿಯಿತು. ನಗರದಲ್ಲಿ 13 ಜನ ಸತ್ತರು. ಅವರಲ್ಲಿ 11 ಜನ ನೆಲಮಾಳಿಗೆ ಮನೆಗಳಲ್ಲಿದ್ದವರು. ಹಾಗಾಗಿ ಡ್ಯುಪ್ಲೆಕ್ಸ್ ಅಂದ ತಕ್ಷಣ ಹಿತ್ತಲಿಗೆ ಸೇರಿದ ಮಹಡಿಯ ಜೊತೆಗಿರುವ ಇನ್ನೊಂದು ಮಹಡಿ ಯಾವುದು ಅಂತ ಕೇಳಿ. ಮೇಲಿನ ಪಾರ್ಲರ್ ಆದರೆ ಸರಿ. ಕೆಳಗಿನ ಸೆಲ್ಲರ್ ಆದರೆ ಎಚ್ಚರ. ಎತ್ತರದ ಅರ್ಧಕ್ಕಿಂತ ಜಾಸ್ತಿ ರಸ್ತೆ ಮಟ್ಟದ ಕೆಳಗಿದ್ದರೆ ಅದು ಸೆಲ್ಲರ್. ಒಂದೆರಡು ಕುಟುಂಬದ ಮನೆಗಳಲ್ಲಿ ಅಲ್ಲಿ ವಾಸ ಮಾಡುವುದೇ ಕಾನೂನಿಗೆ ವಿರುದ್ಧ. ಎಷ್ಟು ಚೆಂದದ ನೆಲ ಹಾಸಿದ್ದರೂ ಅದು ಮಲಗುವ ಕೋಣೆ ಅಲ್ಲ. ಹಿತ್ತಲಿನಲ್ಲಿ ನೀರು ಹೋಗುವ ಮೋರಿ ಎಲ್ಲಿದೆ, ಕಸ ಕಟ್ಟಿದೆಯಾ ನೋಡಿ. ಹಿಂದೆ ಪ್ರವಾಹದ ನೀರಿನಿಂದ ಮನೆಗೆ ಹಾನಿಯಾಗಿದ್ದರೆ ಲೀಸ್‌ನಲ್ಲಿ ತಿಳಿಸಲೇಬೇಕು ಅನ್ನುವ ನಿಯಮ 2023ರಿಂದ ಇದೆ.

ಡಿಪಾಸಿಟ್ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. 2025ರ ಜೂನ್‌ನಿಂದ ಬ್ರೋಕರ್ ಫೀಯನ್ನು ಅವರನ್ನು ನೇಮಿಸಿಕೊಂಡವರೇ ಕೊಡಬೇಕು.

ಸಾಧ್ಯವಾದರೆ ಎರಡು ವರ್ಷದ ಲೀಸ್ ಕೇಳಿ. ಹಿತ್ತಲು ನಿಮಗೊಬ್ಬರಿಗೇನಾ, ಮೇಲಿನವರಿಗೂ ಪಾಲಿದೆಯಾ, ಗಿಡ ನೆಡಬಹುದಾ, ಮನೆ ಮುಂದೆ ಬಿದ್ದ ಹಿಮ ಯಾರು ತೆಗೆಯಬೇಕು, ಇಷ್ಟನ್ನೂ ಸಹಿ ಹಾಕುವ ಮುಂಚೆಯೇ ಅದರಲ್ಲಿ ಬರೆಸಿಕೊಳ್ಳಿ.