ನವೆಂಬರ್ 1ಕ್ಕೆ ಯಾವ ವೇಷ?

ನಿಮ್ಮ ಬರಹದಲ್ಲಿ ದಸರಾ ರಜೆ ಮುಗಿದ ಮೇಲೆ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳಲ್ಲಿ ಏನೇನು ಹಬ್ಬ, ಕಾರ್ಯಕ್ರಮ ಇರುತ್ತವೆ ಅಂತ ಬರೆದಿದ್ದೀರಿ, ಚಲೋ ಆಯ್ತು. ಆದರೆ ಒಂದು ಬಿಟ್ಟುಹೋಗಿದೆ. ನವೆಂಬರ್ 1 ರಾಜ್ಯೋತ್ಸವವೂ ಹೌದು, ಕ್ರೈಸ್ತರು ಎಲ್ಲ ಸಂತರನ್ನು ನೆನೆಯುವ ಸಕಲ ಸಂತರ ಹಬ್ಬವೂ ಹೌದು. ಇಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಮಗಳ ಶಾಲೆಯಲ್ಲಿ ಅವತ್ತು ಒಬ್ಬಳು ಕಿತ್ತೂರು ಚೆನ್ನಮ್ಮನ ವೇಷ ಹಾಕಿದ್ದಳು, ಪಕ್ಕದವಳು ಮದರ್ ತೆರೇಸಾ. ಇಬ್ಬರೂ ಒಟ್ಟಿಗೆ ಕೂತು ಉಪ್ಪಿಟ್ಟು ತಿನ್ನುವಾಗ ಚೆನ್ನಮ್ಮನ ರಟ್ಟಿನ ಕತ್ತಿ ತೆರೇಸಾಳ ನೀಲಿ ಅಂಚಿನ ಸೀರೆಗೆ ಸಿಕ್ಕಿಕೊಂಡು ದೊಡ್ಡ ಗಲಾಟೆ!

ಡಿಸೆಂಬರ್ ನನಗೆ ಜಾಸ್ತಿ ಇಷ್ಟ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ, ಅಂದರೆ ಯೇಸುವಿನ ಜನನಕ್ಕೆ ಸಿದ್ಧರಾಗುವ ಕಾಲ. ವಾರಕ್ಕೊಂದು ಮೇಣದಬತ್ತಿ ಹಚ್ಚುತ್ತಾರೆ. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಸರದಿ ಮೂರನೇ ವಾರ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಗೆ ಹುಡುಗರು ಮನೆಯಿಂದ ಜೋಳದ ಕಣಕಿ (ಒಣ ದಂಟು) ತರುತ್ತಾರೆ. ನಮ್ಮ ಸೀಮೆಯ ದನದ ಕೊಟ್ಟಿಗೆ ಅಂದರೆ ಅದೇ ಅಲ್ವಾ?

ಬೇರೆ ಧರ್ಮದ ಮಕ್ಕಳನ್ನು ಪ್ರಾರ್ಥನೆಗೆ ಕೂರಿಸಬಹುದಾ ಅಂತ ಕೆಲವು ಪಾಲಕರು ಕೇಳಿದ್ದನ್ನೂ ಬರೆದಿದ್ದೀರಿ. ಸಂವಿಧಾನದ 28(3)ನೇ ವಿಧಿಯಲ್ಲೇ ಉತ್ತರ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ, ಪೂಜೆಗಾಗಲಿ ಕೂರಿಸುವಂತಿಲ್ಲ. ಬೇಡ ಅನ್ನುವವರು ಒಂದು ಚೀಟಿ ಬರೆದು ಕೊಟ್ಟರೆ ಆಯ್ತು, ಸುಮ್ನೆ ಗೇಟಿನ ಹತ್ತಿರ ಗೊಣಗುವುದು ಯಾಕೆ?

ನನ್ನ ತಕರಾರು ಬೇರೆ. ವೇಷದ ಸುದ್ದಿ ಹಿಂದಿನ ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಬರುತ್ತದೆ. ಆಗ ದುರ್ಗದ ಬೈಲಿನ ಪೇಟೆಗೆ ಓಡಿದರೆ ಗಿರಮಿಟ್ ಸಿಗಬಹುದು, ಸಂತರ ನಿಲುವಂಗಿ ಸಿಗುವುದಿಲ್ಲ. ಒಂದು ವಾರ ಮುಂಚೆ ತಿಳಿಸ್ರಿ ಸಿಸ್ಟರ್!