ಹೊಸ ಸೈಕಲ್‌ನ ಪೆಡಲ್ ಬಿಚ್ಚಿ ಅಟ್ಟಕ್ಕೆ ಹಾಕಿದ್ದೇವೆ

ನಮ್ಮ ಮಗಳಿಗೆ ಈಗ ಎರಡೂಮುಕ್ಕಾಲು ವರ್ಷ. ಹೋದ ವಾರ ಅವಳ ಪುಟ್ಟ ಸೈಕಲ್‌ನ ಎರಡೂ ಪೆಡಲ್ ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಹಿಂದಿನ ಚಕ್ರದ ಅಕ್ಕಪಕ್ಕ ಇರುತ್ತಲ್ಲ, ಎರಡು ಚಿಕ್ಕ ಗಾಲಿ, ಅವನ್ನೂ ಬಿಚ್ಚಿದೆವು. ಮನೆಗೆ ಬಂದವರೆಲ್ಲ ಕೇಳುವುದು ಒಂದೇ. "ಅಯ್ಯೋ, ಹೊಸ ಸೈಕಲ್ ಆಗ್ಲೇ ಹಾಳಾಯ್ತಾ?" ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಕುಶಾಲನಗರಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ಗುಲಾಬಿ ಬಣ್ಣದ 12 ಇಂಚಿನ ಸೈಕಲ್ ಕಂಡಿತು. ಮಗು ಅದನ್ನು ಅಪ್ಪಿಕೊಂಡು ನಿಂತಳು. ಅಂಗಡಿಯವರು "ಬ್ಯಾಲೆನ್ಸ್ ವೀಲ್ ಇದೆ, ಬೀಳೋದೇ ಇಲ್ಲ" ಅಂದರು. ತಗೊಂಡು ಬಂದೆವು. ಕೊಡಗಿನ ಸುಂಟಿಕೊಪ್ಪ ಕಡೆಯ ನಮ್ಮ ಅಂಗಳ ಹೇಗಿದೆ ಅಂತ ಆ ಅಂಗಡಿಯವರಿಗೆ ಗೊತ್ತಿಲ್ಲ, ನಮಗಾದರೂ ನೆನಪಾಗಬೇಕಿತ್ತು. ಮಳೆನೀರು ನಿಲ್ಲಬಾರದು ಅಂತ ಒಂದು ಕಡೆಗೆ ವಾಲಿಸಿದ ಮಣ್ಣಿನ ಅಂಗಳ. ಅಲ್ಲಲ್ಲಿ ಗುಂಡಿ. ಚಿಕ್ಕ ಗಾಲಿಗಳೆರಡೂ ದಿಣ್ಣೆ ಮೇಲೆ ಕೂತವು, ನಡುವಿನ ದೊಡ್ಡ ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ನೇತಾಡಿತು. ಅವಳು ತುಳಿದೇ ತುಳಿದಳು. ಚಕ್ರ ಗರಗರ ಸುತ್ತುತ್ತಿದೆ, ಸೈಕಲ್ ಇದ್ದಲ್ಲೇ ಇದೆ! ಹಿಂದಿನಿಂದ ಸ್ವಲ್ಪ ತಳ್ಳಿದೆ ನೋಡಿ, ಇಳಿಜಾರಿಗೆ ತಿರುಗಿ ಹಾಗೇ ಮಗುಚಿತು. ಮೊಣಕೈ ತರಚಿತು, ಅಷ್ಟೇ. ಆದರೆ ಒಂದು ತಿಂಗಳು ಆ ಸೈಕಲ್ ಹತ್ತಿರ ಸುಳಿಯಲಿಲ್ಲ.

ಹೆಸರು ನೋಡಿ, ಬ್ಯಾಲೆನ್ಸ್ ವೀಲ್! ಬ್ಯಾಲೆನ್ಸ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕಲಿಸುತ್ತದೆ. ಸೈಕಲ್ ಬೀಳದೆ ಹೋಗುವುದು ಹೇಗೆ? ಯಾವ ಕಡೆಗೆ ವಾಲುತ್ತದೋ ಆ ಕಡೆಗೇ ಹ್ಯಾಂಡಲ್ ಚೂರು ತಿರುಗಿಸಬೇಕು. ಚೆನ್ನಾಗಿ ಬಿಡುವವರು ಇದನ್ನು ಯೋಚಿಸಿ ಮಾಡುವುದಿಲ್ಲ, ಕೈಯೇ ಮಾಡುತ್ತದೆ. ತಿರುವಿನಲ್ಲಿ ಮೈ ಒಳಗಡೆಗೆ ವಾಲಬೇಕು. ಪಕ್ಕದಲ್ಲಿ ಎರಡು ಗಾಲಿ ಊರಿಕೊಂಡಿದ್ದರೆ ವಾಲುವುದಕ್ಕೇ ಜಾಗ ಇಲ್ಲ. ಮಗು ಕಲಿಯುವುದು ಬರೀ ತುಳಿಯುವುದನ್ನು. ಅದು ಇಡೀ ವಿದ್ಯೆಯಲ್ಲಿ ಎಲ್ಲಕ್ಕಿಂತ ಸುಲಭದ ಭಾಗ.

ನಾನು ಇದನ್ನೆಲ್ಲ ಹೇಳಿದರೆ ನಮ್ಮ ಮಾವ ನಕ್ಕರು. "ನಾವೇನು ಇದೆಲ್ಲ ಓದ್ಕೊಂಡು ಕಲಿತೆವಾ? ಒಳಪೆಡಲ್ ಹೊಡೆದು ಕಲಿತದ್ದು." ಅಂದರೆ ಸೀಟಿಗೆ ಎಟುಕದವರು ಸೈಕಲ್‌ನ ತ್ರಿಕೋನದೊಳಗೆ ಕಾಲು ತೂರಿಸಿ ತುಳಿಯುವುದು. ಸರಿ, ಅದಕ್ಕೂ ಮೊದಲು ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ಯೋಚಿಸಿ ಹೇಳಿದರು. ಬಾಡಿಗೆ ಸೈಕಲ್‌ನ ಎಡಗಡೆ ಪೆಡಲ್ ಮೇಲೆ ಒಂದು ಕಾಲು ಇಟ್ಟು, ಇನ್ನೊಂದು ಕಾಲಲ್ಲಿ ನೆಲ ಒದೆಯುತ್ತ, ಕುಂಟುತ್ತ ಕುಂಟುತ್ತ ಹೋಗುವುದು. ತಿಂಗಳುಗಟ್ಟಲೆ ಅದೇ. ನನಗೆ ಬೇಕಾದದ್ದು ಅದೇ ಮಾತು! ನೆಲ ಒದ್ದು ಬ್ಯಾಲೆನ್ಸ್ ಮೊದಲು, ತುಳಿಯುವುದು ಆಮೇಲೆ.

ಲೋಕಕ್ಕೆ ಎರಡು ಚಕ್ರದ ಗಾಡಿ ಬಂದದ್ದೂ ಹಾಗೇ. 1817ರಲ್ಲಿ ಜರ್ಮನಿಯ ಮನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಅನ್ನುವವರು ಮೊದಲ ಸಲ ಓಡಿಸಿದ ಮರದ ಗಾಡಿಗೆ ಪೆಡಲ್ ಇರಲಿಲ್ಲ, ಚೈನ್ ಇರಲಿಲ್ಲ. ಮೇಲೆ ಕೂತು ನೆಲವನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತ ಹೋಗುವುದು. ಮುಂದಿನ ಚಕ್ರಕ್ಕೆ ಪೆಡಲ್ ಹಾಕಿದ ಸೈಕಲ್ ಪ್ಯಾರಿಸ್‌ನಲ್ಲಿ ಓಡಾಡಿದ್ದು 1860ರ ದಶಕದಲ್ಲಿ. ನಲವತ್ತಕ್ಕೂ ಜಾಸ್ತಿ ವರ್ಷ ದೊಡ್ಡವರೇ ಕಾಲೂರಿ ಓಡಿಸಿದ್ದಾರೆ. ಎರಡು ವರ್ಷದ ಮಗುವಿಗೆ ನಾವು ಯಾಕೆ ಅವಸರ ಮಾಡುವುದು?

ಇನ್ನೊಂದು ವಿಷಯ. ಗೋಡೆಯ ಮೇಲೆ ಚಿತ್ರದ ಚಾರ್ಟ್ ಅಂಟಿಸಿದ್ದೇವೆ. ಸೈಕಲ್ ಚಿತ್ರ ತೋರಿಸಿದರೆ ನಮ್ಮವಳು ಮೊದಮೊದಲು "ಜೀಪು" ಅನ್ನುತ್ತಿದ್ದಳು. ಅವಳ ತಪ್ಪಲ್ಲ. ನಮ್ಮ ತೋಟದ ರಸ್ತೆಯಲ್ಲಿ ಅವಳು ನೋಡುವುದು ಜೀಪು, ಪಿಕಪ್, ಸ್ಕೂಟರ್. ಈ ಏರು ಇಳಿತದಲ್ಲಿ ಸೈಕಲ್ ಯಾರು ತುಳಿಯುತ್ತಾರೆ? ಮೈಸೂರು, ಮಂಡ್ಯದ ಮಗುವಿಗೆ ಬಾಗಿಲಲ್ಲೇ ಕಾಣುವ ವಸ್ತು ಇಲ್ಲಿ ಬರೀ ಚಿತ್ರ. ಹಾಗಾಗಿ ಕೂರಿಸುವ ಮೊದಲು ಸೈಕಲ್ ಅಂದರೆ ಏನು ಅಂತ ಕೈಗೆ ಸಿಗಬೇಕು ಅನ್ನುವುದು ನನ್ನ ವಾದ.

ಆ ಪಾಠ ಶುರುವಾದದ್ದು ಮಾವನ ಹಳೇ ಕಪ್ಪು ಸೈಕಲ್‌ನಿಂದ, ಸುಮ್ನೆ ಅಕಸ್ಮಾತ್ತಾಗಿ. ಕಾಫಿ ಗೋಡೌನ್‌ನಲ್ಲಿ ಧೂಳು ತಿನ್ನುತ್ತಿದ್ದ ಅದನ್ನು ರಿಪೇರಿಗೆ ಅಂತ ಹೊರಗೆ ತಂದು ತಲೆಕೆಳಗೆ ನಿಲ್ಲಿಸಿದ್ದರು. ಮಗಳು ಬಂದು ಪೆಡಲ್ ಹಿಡಿದು ತಿರುಗಿಸಿದಳು. ಹಿಂದಿನ ಚಕ್ರ ತಿರುಗಿತು. ಕೈ ಬಿಟ್ಟಳು. ಪೆಡಲ್ ನಿಂತಿತು, ಚಕ್ರ ಸುತ್ತುತ್ತಲೇ ಇತ್ತು. ಅವಳ ಬಾಯಿ ತೆರೆದೇ ಇತ್ತು. ಆಮೇಲೆ ಹಿಂದಕ್ಕೆ ತಿರುಗಿಸಿದಳು. ಟಿಕ್ ಟಿಕ್ ಟಿಕ್ ಶಬ್ದ, ಚಕ್ರ ಮಾತ್ರ ಅಲುಗಲಿಲ್ಲ. "ತಾತ, ಅದಕ್ಕೆ ಕೋಪ ಬಂತಾ?" ಅಂದಳು. ಫ್ರೀವೀಲ್ ಅಂದರೆ ಏನು ಅಂತ ನನಗೇ ಅವತ್ತು ಸರಿಯಾಗಿ ಅರ್ಥ ಆಯಿತು. ಮುಂದಕ್ಕೆ ತುಳಿದರೆ ಹಿಡಿದುಕೊಳ್ಳುತ್ತದೆ, ಹಿಂದಕ್ಕೆ ತುಳಿದರೆ ಜಾರುತ್ತದೆ. ಅರ್ಧ ಗಂಟೆ ಬೇರೆ ಆಟ ಬೇಡವಾಯಿತು.

ಒಂದು ಎಚ್ಚರಿಕೆ. ಮಾವನ ಬಲಗೈ ತೋರುಬೆರಳಿನ ಉಗುರು ಚಪ್ಪಟೆ. ಚಿಕ್ಕವರಿದ್ದಾಗ ಚೈನಿಗೆ ಸಿಕ್ಕಿದ್ದಂತೆ. ಅವರು ಆ ಉಗುರು ತೋರಿಸಿ, ಚೈನ್ ಮತ್ತು ಚಕ್ರದ ಕಡ್ಡಿ ಮುಟ್ಟಬಾರದು, ಪೆಡಲ್ ಮತ್ತು ಬೆಲ್ಲು ಮುಟ್ಟಬಹುದು ಅಂತ ಕಾನೂನು ಮಾಡಿದರು. ಆದರೂ ಪಕ್ಕದಲ್ಲಿ ದೊಡ್ಡವರು ಒಬ್ಬರು ಕೂತಿರಲೇಬೇಕು. ಫೋನ್ ಒಳಗಿಟ್ಟು.

ಪಂಚರ್ ಹಾಕುವ ದಿನ ಇನ್ನೂ ಮಜಾ. ಟ್ಯೂಬಿಗೆ ಗಾಳಿ ತುಂಬಿ ಬಟ್ಟೆ ಒಗೆಯುವ ಟಬ್ಬಿನಲ್ಲಿ ಮುಳುಗಿಸಿದರೆ ತೂತು ಇದ್ದಲ್ಲಿ ಗುಳುಗುಳು ಗುಳ್ಳೆ. ಅವಳೇ ಬೆರಳು ಇಟ್ಟು ತೋರಿಸಿದಳು. ಮಾವ ಉಜ್ಜಿ, ಸಲ್ಯೂಷನ್ ಹಚ್ಚಿ, ಪ್ಯಾಚ್ ಅಂಟಿಸಿದರು. ಗಾಳಿ ತುಂಬಿದ ಈ ಟಯರ್ ಚಾಲ್ತಿಗೆ ಬರಲು ಕಾರಣವೂ ಒಂದು ಮಗುವಿನ ಸೈಕಲ್. ಬೆಲ್‌ಫಾಸ್ಟ್‌ನಲ್ಲಿದ್ದ ಜಾನ್ ಡನ್‌ಲಪ್ ಅನ್ನುವ ದನದ ಡಾಕ್ಟರು ಮಗನ ಮೂರು ಚಕ್ರದ ಸೈಕಲ್ ಜಾಸ್ತಿ ಕುಲುಕುತ್ತದೆ ಅಂತ ರಬ್ಬರ್ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. 1888ರಲ್ಲಿ ಪೇಟೆಂಟ್ ಪಡೆದರು. ಇದನ್ನು ಮಗಳಿಗೂ ಹೇಳಿದೆ. ಅವಳಿಗೆ ಗುಳ್ಳೆಯೇ ಹೆಚ್ಚು.

ಉಳಿದದ್ದು ಅಡುಗೆಮನೆಯಲ್ಲೇ ನಡೆಯುತ್ತದೆ. ಕಿತ್ತಳೆ ಉರುಳುತ್ತದೆ, ಬಾಳೆಹಣ್ಣು ಉರುಳುವುದಿಲ್ಲ. ಅಕ್ಕಿಯ ಉಂಡೆ ಕಡಂಬುಟ್ಟೂ ಉರುಳುತ್ತದೆ (ಅತ್ತೆಗೆ ಈ ಪ್ರಯೋಗ ಇಷ್ಟ ಆಗಲಿಲ್ಲ, ಊಟದ ತಟ್ಟೆಯಲ್ಲಿ ನಡೆದದ್ದು). ಸ್ಟೀಲ್ ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಬೀಳುತ್ತದೆ, ಉರುಳಿಸಿಬಿಟ್ಟರೆ ಬೀಳದೆ ಓಡುತ್ತದೆ, ನಿಧಾನ ಆದಾಗ ವಾಲಿ ಢಣ್ ಅನ್ನುತ್ತದೆ. ಸೈಕಲ್ ಯಾಕೆ ಓಡುವಾಗ ಬೀಳುವುದಿಲ್ಲ, ನಿಂತಾಗ ಬೀಳುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಆಟ ನನಗೆ ಹೊಳೆದಿಲ್ಲ.

ಪೆಡಲ್ ಬಿಚ್ಚುವವರಿಗೆ ಒಂದು ಮಾತು. ಬಲಗಡೆಯದು ಎಲ್ಲ ನಟ್ಟಿನ ಹಾಗೆ ಗಡಿಯಾರದ ಮುಳ್ಳಿಗೆ ಎದುರಾಗಿ ಬಿಚ್ಚುತ್ತದೆ. ಎಡಗಡೆಯದು ಉಲ್ಟಾ. ನಮ್ಮವರು ಅದು ಗೊತ್ತಿಲ್ಲದೆ ಕಾಲು ಗಂಟೆ ಬಿಗಿ ಮಾಡುತ್ತಲೇ ಇದ್ದರು! ಸೀಟು ಪೂರ್ತಿ ಇಳಿಸಿ. ಕೂತಾಗ ಎರಡೂ ಪಾದ ನೆಲಕ್ಕೆ ಸಪಾಟಾಗಿ ಊರಬೇಕು, ಮೊಣಕಾಲು ಚೂರು ಮಡಚಿರಬೇಕು. ಊರದಿದ್ದರೆ ಇನ್ನೂ ನಾಲ್ಕು ತಿಂಗಳು ಕಾಯಿರಿ. ಹೆಲ್ಮೆಟ್ ಹಾಕಿ. ರಸ್ತೆಗೆ ಬೇಡವೇ ಬೇಡ, ನಮ್ಮ ತಿರುವುಗಳಲ್ಲಿ ಟೂರಿಸ್ಟ್ ಗಾಡಿಗಳು ಹೇಗೆ ಬರುತ್ತವೆ ಅಂತ ನಿಮಗೇ ಗೊತ್ತು.

ಜಾಗ ಎಲ್ಲಿ ಅನ್ನುತ್ತೀರಾ? ಕಾಫಿ ಒಣಗಿಸುವ ಕಣ. ನಮ್ಮ ಸುತ್ತಮುತ್ತ ಸಮತಟ್ಟು ಅಂತ ಇರುವುದು ಅದೊಂದೇ. ಮಳೆಗಾಲದಲ್ಲಿ ಪಾಚಿ, ಜಾರುತ್ತದೆ. ಕುಯ್ಲು ಶುರುವಾದರೆ ಕಣದ ತುಂಬ ಕಾಫಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ ಸಿಗುವುದು ಈ ಕೆಲವು ವಾರ ಮಾತ್ರ. ಸಂಜೆ ನಾಲ್ಕೂವರೆಗೆ ಅವಳು ಕಣದಲ್ಲಿ ಟಪ ಟಪ ಕಾಲು ಹಾಕುತ್ತ ಹೋಗುತ್ತಾಳೆ. ಮೊನ್ನೆ ಎರಡೂ ಕಾಲು ಮೇಲೆತ್ತಿ ಎರಡು ಮಾರು ದೂರ ಹೋದಳು. ಅವಳಿಗೇ ಗಾಬರಿ.

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ಳುತ್ತೀಯ ಅಂತ ತಂಗಿ ಕೇಳಿದಳು. ಹೇಳುತ್ತೇನೆ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನನಗೂ ಒಂದು ಸಿಕ್ಕಿತು. ಬಿಡಲು ಬರುತ್ತಿರಲಿಲ್ಲ. ಮೂರು ಕಿಲೋಮೀಟರ್ ಏರಿನಲ್ಲಿ ತಳ್ಳಿಕೊಂಡು ಮನೆಗೆ ತಂದೆ. ಹದಿಮೂರು ವರ್ಷದ ಹುಡುಗಿಗೆ ನಾಲ್ಕು ಜನರ ಮುಂದೆ ಬೀಳುವುದು ಅಂದರೆ ಎಷ್ಟು ನಾಚಿಕೆ, ಅಲ್ವಾ? ಕಲಿಯಲೇ ಇಲ್ಲ. ಆಮೇಲೆ ಅದನ್ನು ಅಣ್ಣ ಓಡಿಸಿದ. ನನಗೆ ಇವತ್ತಿಗೂ ಸೈಕಲ್ ಬರುವುದಿಲ್ಲ.

ಇದನ್ನು ಮೊನ್ನೆ ಕಣದ ಕಟ್ಟೆಯ ಮೇಲೆ ಕೂತು ಮಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೌನ್ ಕಡೆ ನೋಡಿ, "ಕರಿ ಸೈಕಲ್‌ನ ಪೆಡಲೂ ಬಿಚ್ಚಿ ಕೊಡ್ಲಾ ಮಗಾ? ಕುಯ್ಲಿಗೆ ಇನ್ನೂ ಟೈಮ್ ಇದೆ" ಅಂದರು. ಸೀಟು ಇಳಿಸಿದ್ದಾರೆ. ಬಲಗಡೆ ಪೆಡಲ್ ಬಂತು. ಎಡಗಡೆಯದು ತುಕ್ಕು ಹಿಡಿದು ಕೂತಿದೆ. ಎಣ್ಣೆ ಬಿಟ್ಟು ಎರಡು ದಿನ ಆಯಿತು, ಇನ್ನೂ ಅಲುಗಿಲ್ಲ.